ಬೀಗವಿಲ್ಲದ ಬೀದಿ

ಬೆಳಗಾದರೆ ಆ ಮನೆಯಲ್ಲಿ ಎಲ್ಲರ ಕಾಲಿಗೂ ಚಕ್ರ. ಅಪ್ಪ ಬೇಕರಿಯ ಒಲೆ ಹೊತ್ತಿಸಲು ಕತ್ತಲಿರುವಾಗಲೇ ಹೊರಡುತ್ತಿದ್ದ. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ತಲೆ ಬಾಚಿಕೊಳ್ಳುತ್ತಲೇ ಚಪ್ಪಲಿ ಮೆಟ್ಟುವವಳು. ತಮ್ಮ ಶಾಲೆಗೆ. ಅಜ್ಜಿ ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಅಂಗಡಿಯವನು ಹೇಳಿಕಳಿಸಿದ ದಿನ ಹೋಗಬೇಕು, ಇಲ್ಲದ ದಿನ ಮನೆ. ಅಜ್ಜಿ ಹೊರಟ ದಿನ ಮೊಮ್ಮಗಳು ಯೂನಿಫಾರ್ಮ್ ಬಿಚ್ಚಿ ಮೊಳೆಗೆ ತೂಗುಹಾಕಿ ಹೊಸ್ತಿಲ ಮೇಲೆ ಕೂರಬೇಕು. ಮನೆಗೆ ಬೀಗ ಬೀಳಬಾರದಲ್ಲ, ಅದಕ್ಕೆ.

ಆ ಬೀದಿಯ ಪದ್ಧತಿಯೇ ಹಾಗೆ. ಹಗಲು ಹೊತ್ತು ಬಾಗಿಲಿಗೆ ಬೀಗ ಹಾಕಿದರೆ ಆ ಮನೆತನ ಅಳಿಯಿತೆಂದು ಅರ್ಥ. ಹಿಂದೆ ಮನೆ ತುಂಬ ಹೆಂಗಸರಿದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ಹೆಂಗಸರೆಲ್ಲ ದುಡಿಯಲು ಹೊರಟರು; ಪದ್ಧತಿ ಮಾತ್ರ ಮನೆಯಲ್ಲೇ ಉಳಿದು ಹೆಣ್ಣುಮಕ್ಕಳನ್ನು ಜೊತೆಗೆ ಕೂರಿಸಿಕೊಂಡಿತು. ಗಂಡುಹುಡುಗರನ್ನು ಕೂರಿಸಿದ್ದನ್ನು ನಾನಂತೂ ಕಾಣೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತಳಾದವಳು. ಜೀವಮಾನವೆಲ್ಲ ಬೇರೆಯವರ ಮಾತಿಗೆ ತಂತಿ ಜೋಡಿಸಿ, ಕೊನೆಗೆ ಮಾತಾಡಿಸುವವರಿಲ್ಲದ ಮನೆಗೆ ಬಂದು ಕೂತೆ. ಮಕ್ಕಳಿಲ್ಲ. ಯಜಮಾನರು ಹೋದ ಮೇಲೆ ಅವರ ಕೋಣೆಯೊಳಗೆ ಕಾಲಿಡಲು ಮನಸ್ಸಾಗದೆ ಅದಕ್ಕೊಂದು ಬೀಗ ಜಡಿದಿದ್ದೆ. ಸಂಜೆ ಹೊತ್ತು ಆ ಬೀಗವೂ ನಾನೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಆಗ ಹತ್ತಿರದ ಶಾಲೆಯವರು ಕರೆದರು. ಪದೇ ಪದೇ ಶಾಲೆ ತಪ್ಪಿಸುವ ಒಂದೊಂದು ಮಗುವಿಗೂ ಒಬ್ಬೊಬ್ಬ ದೊಡ್ಡವರನ್ನು ಜೊತೆಗಾರರನ್ನಾಗಿ ಕೊಡುವ ಹೊಸ ಏರ್ಪಾಡು. ಬೆಳಗ್ಗೆ ಗೇಟಿನಲ್ಲಿ ನಿಂತು ಮಗುವನ್ನು ಮಾತಾಡಿಸಬೇಕು. ಬರದಿದ್ದರೆ ಅದೇ ದಿನ ಮನೆಗೆ ಹೋಗಬೇಕು.

“ಬಯ್ಯೋ ಹಾಗಿಲ್ಲ,” ಎಂದು ಹೆಡ್ ಮೇಡಂ ಮೊದಲೇ ಹೇಳಿದರು. ನನ್ನ ನಾಲಗೆಯ ಖಾರ ಅವರಿಗೆ ಗೊತ್ತು. “ಯಾಕೆ ಬರಲಿಲ್ಲ ಅಂತಾನೂ ಕೇಳಬೇಡಿ. ‘ನೀನು ಬಂದಿರಲಿಲ್ಲ, ಗೊತ್ತಾಯ್ತು’ ಅನ್ನಿ, ಸಾಕು.”

ಇದೆಂಥ ಅತಿಮುದ್ದು ಎಂದು ನನಗೆ ನಗು ಬಂತು.

ನನ್ನ ಪಾಲಿಗೆ ಬಂದವಳು ಹೊಸ್ತಿಲು ಕಾಯುವ ಆ ಮನೆಯ ಮೊಮ್ಮಗಳು. ಅಪರೂಪಕ್ಕೆ ಬಂದು ಹೋಗುತ್ತಾಳೆಂದು ಕ್ಲಾಸಿನವರು ಅವಳಿಗೆ ‘ನೆಂಟರಮ್ಮ’ ಎಂದು ಹೆಸರಿಟ್ಟಿದ್ದರು. ಅವಳೂ ನಗುತ್ತಿದ್ದಳು. ನಕ್ಕು ಹಿಂದಿನ ಬೆಂಚಿಗೆ ಹೋಗಿ, ನಿನ್ನೆ ಏನು ಪಾಠವಾಯಿತೆಂದು ಯಾರನ್ನೂ ಕೇಳದೆ ಕೂರುತ್ತಿದ್ದಳು. ಹೋದ ವರ್ಷ ಪರೀಕ್ಷೆಯ ದಿನವೇ ಹೊಸ್ತಿಲು ಕಾದು ಅದೇ ಕ್ಲಾಸಿನಲ್ಲಿ ಉಳಿದವಳು. ಈ ವರ್ಷವೂ ಉಳಿದರೆ ಶಾಲೆ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅವಳು ಮೊದಲ ಸಲ ಗೇಟಿಗೆ ಬಾರದ ದಿನ ನಾನು ಆ ಬೀದಿಗೆ ಹೋದೆ. ಎರಡೂ ಕಡೆ ಬಾಗಿಲುಗಳೆಲ್ಲ ತೆರೆದಿವೆ, ಅಲ್ಲೊಂದು ಇಲ್ಲೊಂದು ಹೊಸ್ತಿಲಲ್ಲಿ ಒಬ್ಬೊಬ್ಬ ಹುಡುಗಿ. ಹೊಸ್ತಿಲು ಬಿಟ್ಟು ಏಳುವಂತಿಲ್ಲ, ಕೂಗಿ ಮಾತಾಡಿದರೆ ದೊಡ್ಡವರಿಗೆ ದೂರು ಹೋಗುತ್ತದೆ. ಅಷ್ಟು ಮಕ್ಕಳಿದ್ದ ಬೀದಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಎಲ್ಲೂ ಕಂಡಿಲ್ಲ.

ನಮ್ಮ ಹುಡುಗಿ ಮಂಡಿಗೆ ಗಲ್ಲ ಊರಿ ಕೂತಿದ್ದಳು. ಬಯ್ಯಲು ಬಾಯಿ ತೆರೆದವಳು ತಡೆದುಕೊಂಡೆ. “ನೀನು ಬಂದಿರಲಿಲ್ಲ, ಗೊತ್ತಾಯ್ತು,” ಎಂದೆ.

ಅವಳು ತಲೆಯೆತ್ತಿದಳು. “ನಾನು ಬರದೆ ಇದ್ರೆ ಗೊತ್ತಾಗತ್ತಾ?”

ಅದು ಕೊಂಕಿನ ಮಾತಲ್ಲ. ನಿಜವಾಗಿ ಕೇಳಿದ್ದಳು. ನಾನು ಅವಳ ಪಕ್ಕ ಕೂತುಬಿಟ್ಟೆ.

ಸಂಜೆ ಅಜ್ಜಿ ಬಂದಳು. ನಾನು ವಿಷಯ ತೆಗೆದೆ.

“ಎಲ್ಲೋ ಒಂದಿನ ಉಳ್ಕೊಂಡ್ರೆ ಏನು ಮುಳುಗಿಹೋಗತ್ತೆ?” ಎಂದಳು ಅಜ್ಜಿ.

“ಒಂದಿನ ಅಲ್ಲಮ್ಮ, ವಾರವಾರ ಎಷ್ಟೋ ದಿನ ಉಳೀತಾಳೆ. ಬೀಗ ಹಾಕ್ಕೊಂಡು ಹೋಗಿ. ಕಳ್ಳ ಬಂದ್ರೆ ಈ ಮಗು ಏನು ಮಾಡತ್ತೆ?”

“ಕಳ್ಳನ ಮಾತು ಯಾರಾಡಿದ್ರು? ನಮ್ಮತ್ತೆ ಕಾಲದಿಂದ ಈ ಬಾಗಿಲಿಗೆ ಬೀಗ ಬಿದ್ದಿಲ್ಲ. ನನ್ನ ಕಾಲಕ್ಕೆ ಬಿತ್ತು ಅನ್ನಿಸ್ಕೊಳ್ಲಾ?” ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮನೇಲಿ ಈಗ ಯಾರಿದಾರೆ? ಬೀಗ ತಾನೆ? ಅದಕ್ಕೇ ನಿಮಗೆ ಅದರ ನೋವು ಗೊತ್ತಾಗಲ್ಲ.”

ಮಾತು ನೇರ ಎದೆಗೆ ನಾಟಿತು. ಆದರೂ ಬಿಡಲಿಲ್ಲ. “ಬೀಗ ಹಾಕಿದ್ದಕ್ಕೆ ನಮ್ಮನೆಯವರು ಹೋಗಲಿಲ್ಲಮ್ಮ. ಅವರು ಹೋದ್ಮೇಲೆ ಬೀಗ ಹಾಕಿದೆ,” ಎಂದೆ.

ಅಜ್ಜಿ ಜಗ್ಗಲಿಲ್ಲ. ಆಗ ನಾನೊಂದು ಉಪಾಯ ಹೂಡಿದೆ. “ಸರಿ, ನೀವು ಹೋದ ದಿನ ನಾನೇ ಇಲ್ಲಿ ಕೂರ್ತೀನಿ. ಹುಡುಗಿ ಶಾಲೆಗೆ ಹೋಗ್ಲಿ.” ಹಿರಿಯರೊಬ್ಬರು ಕೂತರೆ ಮನೆಗೆ ಇನ್ನೂ ಕಳೆ ಎಂದು ಅಜ್ಜಿ ತಕ್ಷಣ ಒಪ್ಪಿದಳು. ನಾನು ಗೆದ್ದೆನೆಂದು ಬೀಗುತ್ತ ಮನೆಗೆ ಹೋದೆ.

ಹೊಸ್ತಿಲ ಮೇಲೆ ಕೂತಾಗ ಗೊತ್ತಾಯಿತು. ಒಳಗೆ ನಲ್ಲಿ ತೊಟ್ಟಿಕ್ಕುತ್ತದೆ. ಹಗ್ಗದ ಮೇಲಿನ ಅಂಗಿ ಗಾಳಿಗೆ ಅಲ್ಲಾಡಿದರೆ ಯಾರೋ ಬಂದರೆಂದು ತಿರುಗಿ ನೋಡಬೇಕು. ಬಿಸಿಲು ಹೊಸ್ತಿಲಿಗೆ ಬರುತ್ತದೆ, ಹೋಗುತ್ತದೆ. ಒಂಟಿತನ ನನಗೆ ಹೊಸದಲ್ಲ. ಆದರೆ ಅರವತ್ತರಲ್ಲಿ ಒಂಟಿಯಾಗುವುದೇ ಬೇರೆ, ಹನ್ನೆರಡರಲ್ಲಿ ಒಂಟಿಯಾಗಿ ಕೂರುವುದೇ ಬೇರೆ. ಎದುರುಮನೆ ಹುಡುಗಿ ದಿನವಿಡೀ ನನ್ನನ್ನೇ ನೋಡುತ್ತಿದ್ದಳು.

ಸಂಜೆ ನಮ್ಮ ಹುಡುಗಿ ಬಂದು ಚೀಲ ಇಳಿಸಿದಳು. “ಗೇಟಲ್ಲಿ ನೋಡಿದೆ. ನೀವು ಇರ್ಲಿಲ್ಲ.”

“ನಾನು ಇಲ್ಲಿದ್ನಲ್ಲೇ, ಅಲ್ಲಿ ಹೇಗಿರ್ಲಿ?”

“ಗೊತ್ತು. ಆದ್ರೂ ನೋಡಿದೆ.”

ಹೀಗೇ ಪರೀಕ್ಷೆ ಬಂತು. ಆ ದಿನವೇ ಅಜ್ಜಿಗೆ ಅಂಗಡಿಯಿಂದ ಕರೆ. ನಾನು ಬೆಳಗ್ಗೆಯೇ ಅವರ ಮನೆ ಕಡೆ ಹೊರಟೆ. ದಾರಿಯಲ್ಲಿ ಶಾಲೆಯ ಗೇಟು. ಅಲ್ಲಿ ಅವಳು ಆಗಲೇ ನಿಂತಿದ್ದಳು. ಕೊರಳಲ್ಲಿ ದಾರ, ದಾರದಲ್ಲಿ ಸಣ್ಣ ಕೀಲಿಕೈ.

“ನೀವು ಇಲ್ಲೇ ಇರಿ,” ಎಂದಳು.

“ಮನೇಲಿ ಯಾರಿದಾರೆ?”

“ಯಾರೂ ಇಲ್ಲ. ಅಜ್ಜಿ ಹೋದ್ಮೇಲೆ ಟ್ರಂಕಿನ ಬೀಗ ತೆಗೆದು ಬಾಗಿಲಿಗೆ ಹಾಕಿದೆ.”

ನಾನು ಕೈ ಚಾಚಿದೆ. “ಕೀಲಿ ಕೊಡು, ಓಡಿಹೋಗಿ ತೆಗೆದು ಕೂರ್ತೀನಿ. ಅಜ್ಜಿಗೆ ಗೊತ್ತೇ ಆಗಲ್ಲ,” ಎಂದೆ. ಸುಧಾರಣೆ ಮಾಡಲು ಹೊರಟವಳ ಧೈರ್ಯ ಇಷ್ಟೇ.

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಬೇಡ. ನೀವು ಕೂತಷ್ಟು ದಿನ ಯಾರಾದ್ರೂ ಕೂರ್ಲೇಬೇಕು ಅಂತಾನೇ ಆಗತ್ತೆ. ನಿಮಗೆ ಹುಷಾರಿಲ್ಲದ ದಿನ ಮತ್ತೆ ನಾನೇ.”

ಗಂಟೆ ಹೊಡೆಯಿತು. ಅವಳು ಒಳಗೆ ಹೋದಳು. ನಾನು ಗೇಟು ಬಿಟ್ಟು ಕದಲಲಿಲ್ಲ.

ಪರೀಕ್ಷೆ ಮುಗಿಸಿ ಇಬ್ಬರೂ ಬೀದಿಗೆ ಕಾಲಿಟ್ಟಾಗ ಅಜ್ಜಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. ಅಕ್ಕಪಕ್ಕದವರು ನೋಡುತ್ತಿದ್ದರು. ಅಜ್ಜಿಯ ಮುಖ ಸಾವಿನ ಮನೆಯಿಂದ ಬಂದವಳ ಹಾಗಿತ್ತು. “ಮನೆ ಹಾಳು ಮಾಡಿದೆಯಲ್ಲೇ,” ಎಂದಳು. ದನಿ ಏರಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು.

ಹುಡುಗಿ ಬೀಗ ತೆಗೆದು ಬಾಗಿಲು ನೂಕಿದಳು. ಒಳಗೆ ಎಲ್ಲವೂ ಬೆಳಗ್ಗೆ ಇದ್ದ ಹಾಗೇ. ಮಗುಚಿಟ್ಟ ಲೋಟ, ಮಡಿಸಿದ ಚಾಪೆ. ಮೊಳೆ ಖಾಲಿ, ಯೂನಿಫಾರ್ಮ್ ಅವಳ ಮೈಮೇಲಿತ್ತು.

“ನೋಡಜ್ಜಿ, ಮನೆ ಇಲ್ಲೇ ಇದೆ,” ಎಂದಳು. ಆಮೇಲೆ ಮೆಲ್ಲಗೆ, “ಇಷ್ಟು ದಿನ ನಾನು ಏನನ್ನ ಕಾಯ್ತಿದ್ದೆ?”

ಅಜ್ಜಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಮೊಮ್ಮಗಳೊಡನೆ ಎಷ್ಟೋ ದಿನ ಅವಳು ಮಾತು ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಹುಡುಗಿ ಮಾತ್ರ ಶಾಲೆ ತಪ್ಪಿಸಲಿಲ್ಲ; ಅಜ್ಜಿ ಹೊರಟ ದಿನ ಬೀಗ ಹಾಕಿಯೇ ಬಂದಳು. ಮಾತಿಲ್ಲದ ಮನೆಯಿಂದ ಬಂದು, ಪಾಸಾಗಿ, ಮುಂದಿನ ಕ್ಲಾಸಿನ ಬೆಂಚಿನಲ್ಲಿ ಕೂತಳು.

ಬೀಗ ಬಿದ್ದ ಆ ದಿನವೇ ಸಂಜೆ ನಾನು ಬೀದಿ ದಾಟುವಾಗ ಎದುರುಮನೆ ಹುಡುಗಿ ಹೊಸ್ತಿಲಿಂದಲೇ ಕರೆದಳು. “ನಾನೂ ಅದೇ ಶಾಲೆ. ನಾನು ಬರದೆ ಇದ್ದದ್ದು ನಿಮಗೆ ಗೊತ್ತಾಯ್ತಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಕಣಮ್ಮ, ಗೊತ್ತಾಗ್ಲಿಲ್ಲ. ನಾಳೆ ಬಾ. ಗೇಟಲ್ಲಿ ನೋಡ್ತಾ ಇರ್ತೀನಿ.”

“ನಮ್ಮನೇಲಿ ಬೀಗ ಇಲ್ವಲ್ಲ.”

ನಾನು ಮನೆಗೆ ಬಂದು, ಕೈಯಲ್ಲಿದ್ದ ಚೀಲವನ್ನೂ ಕೆಳಗಿಡದೆ, ಯಜಮಾನರ ಕೋಣೆಯ ಬೀಗ ತೆಗೆದು, ಕೀಲಿಯೊಡನೆ ಅದೇ ಚೀಲಕ್ಕೆ ಹಾಕಿಕೊಂಡೆ.