ಖಾಲಿ ಚೇಂಬರಿನ ಉಬ್ಬು

ತನ್ನ ಸಂಶೋಧನೆಯ ಆ ಗ್ರಾಫ್ ನೋಡಿದರೇ ಒರೆಸಮ್ಮನಿಗೆ ಅಸಹ್ಯವಾಗುತ್ತಿತ್ತು. ಲ್ಯಾಬಿಗೆ ಕಾಲಿಟ್ಟ ಕೂಡಲೇ ಬಟ್ಟೆ ಹಿಡಿದು ಒರೆಸಲು ನಿಲ್ಲುತ್ತಾಳೆಂದು ಸಂಗಡಿಗರು ಇಟ್ಟ ಹೆಸರದು. ಆಡಿಕೊಳ್ಳುವವರ ಬಾಯಿಗೇನು, ಸವೆಯುವುದು ಅವಳ ಕೈ ತಾನೆ.

ಅವಳ ಪ್ರಯೋಗ ಹೇಳುವುದಕ್ಕೆ ಸುಲಭ. ಉಕ್ಕಿನ ಚೇಂಬರಿನಿಂದ ಗಾಳಿಯನ್ನೆಲ್ಲ ಹೀರಿ, ಚಿಟಿಕೆಯಷ್ಟು ನೈಟ್ರೋಜನ್ ಬಿಟ್ಟು, ಅದರತ್ತ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು, ಹೊಡೆಯಬೇಕು. ಏಟು ತಿಂದ ಅಣು ಸ್ಪ್ರಿಂಗಿನಂತೆ ಕಂಪಿಸುತ್ತದೆ. ಕಂಪಿಸಲು ಬೇಕಾದ ಶಕ್ತಿಯನ್ನು ಅಯಾನು ತನ್ನ ಗಂಟಿನಿಂದಲೇ ಕಳೆದುಕೊಂಡು ಆಚೆ ಬರುತ್ತದೆ. ಕಳೆದದ್ದನ್ನು ಅಳೆದರೆ ಗ್ರಾಫಿನಲ್ಲಿ ಒಂದು ಉಬ್ಬು. ಒಂದೊಂದು ಅಣುವಿಗೆ ಒಂದೊಂದು ಜಾಗ. ನೈಟ್ರೋಜನ್ನಿನ ಉಬ್ಬಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಉಬ್ಬು ಎದ್ದಿತ್ತು. ಪ್ರೊಫೆಸರು ಅದನ್ನು ಹೊಸ ಶೋಧವೆಂದು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ನಾಳೆ ಪರೀಕ್ಷಕರು ಬಂದು ಕಣ್ಣಾರೆ ಕಂಡರೆ ಅವಳಿಗೆ ಡಾಕ್ಟರೇಟು. ನಾಲ್ಕು ವರ್ಷ ಬೆವರು ಸುರಿಸಿದ್ದಕ್ಕೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ನೈಟ್ರೋಜನ್ ನಿಲ್ಲಿಸಿ, ಖಾಲಿ ಚೇಂಬರಿಗೇ ಅಯಾನು ಹೊಡೆದು ನೋಡಿದಳು. ದೊಡ್ಡ ಉಬ್ಬು ಮಾಯ. ಪುಟ್ಟದು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಂದರೆ ಅದು ನೈಟ್ರೋಜನ್ನಿನದಲ್ಲ; ಯಾರೋ ಗ್ಲೌಸಿಲ್ಲದೆ ಒಳಗೆ ಕೈ ಹಾಕಿದ್ದರು. ಆ ಬೆರಳಿನ ಜಿಡ್ಡು ಆವಿಯಾಗಿ ಕಂಪಿಸುತ್ತಿತ್ತು.

ಪ್ರೊಫೆಸರು ಬೆಣ್ಣೆ ಸವರಿದ ಬ್ರೆಡ್ಡು ಮೆಲ್ಲುತ್ತ ಕೂತಿದ್ದರು.

"ಸರ್, ಅದು ಶೋಧ ಅಲ್ಲ. ಕೊಳೆ."

"ಗೊತ್ತು ಕಣಮ್ಮ," ಎಂದರು ಅವರು ಆರಾಮಾಗಿ. "ಒಳಗಿನ ತಂತಿ ಸರಿ ಮಾಡಿದ್ದು ನಾನೇ. ಗ್ಲೌಸ್ ಹಾಕ್ಕೊಂಡ್ರೆ ಆ ಸಣ್ಣ ಸ್ಕ್ರೂ ಕೈಗೇ ಸಿಗಲ್ಲ."

"ಯಾವಾಗಿಂದ ಗೊತ್ತು?"

"ಮೂರು ತಿಂಗಳಾಯ್ತು. ಖಾಲಿ ಚೇಂಬರ್ ಓಡಿಸಿ ತೋರಿಸಿ ಅಂತ ಪರೀಕ್ಷಕರೇನು ಕೇಳಲ್ಲ ಬಿಡು. ನಿನ್ನ ಒಳ್ಳೇದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಅವರು ಬೆರಳು ನೆಕ್ಕಿ ಕೋಟಿಗೆ ಒರೆಸಿಕೊಂಡರು. ಅವಳಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆಯಾದದ್ದು, ಅವರ ಮಾತು ಕೇಳಿ ಒಂದು ಗಳಿಗೆ ತನಗೂ ಹಾಯೆನಿಸಿದ್ದಕ್ಕೆ. ಥೂ, ನಾನೂ ಇದೇ ಜಾತಿಯವಳಾದೆನಲ್ಲ ಎಂದುಕೊಂಡಳು.

ನೆಟ್ಟಗೆ ಚೇಂಬರಿನ ಬಳಿ ಹೋಗಿ ಪಂಪು ನಿಲ್ಲಿಸಿದಳು. ವಾಲ್ವು ತಿರುಗಿಸಿದಳು. ಹೊರಗಿನ ಗಾಳಿ ಬುಸ್ಸೆಂದು ಒಳನುಗ್ಗಿತು.

ಪ್ರೊಫೆಸರು ಬ್ರೆಡ್ಡು ಬಿಟ್ಟು ಓಡಿಬಂದರು. "ತಲೆ ಕೆಟ್ಟಿದ್ಯಾ? ಮತ್ತೆ ಗಾಳಿ ತೆಗೆಯೋಕೆ ವಾರ ಬೇಕು! ನಾಳೆ ಅವರಿಗೆ ಏನು ತೋರಿಸ್ಲಿ?"

ಅವಳು ಗ್ಲೌಸ್ ತೊಟ್ಟು ಮುಚ್ಚಳದ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

"ಇದರ ಒಳಗಡೆ ತೋರಿಸಿ, ಸರ್. ನಿಮ್ಮ ಬೆರಳಚ್ಚು ಅಲ್ಲೇ ಇರುತ್ತೆ."