ವರ್ಲಿನ್‌ನ ಕಿವಿ

"ಇನ್ನೂ ಎಷ್ಟು ಒರೆಸ್ತೀಯೋ? ಮದುವೆ ಹೆಣ್ಣಿಗೂ ಯಾರೂ ಇಷ್ಟು ಸಿಂಗಾರ ಮಾಡಲ್ಲ," ಎಂದ ವರ್ಲಿನ್.

ಓಡೆಲ್ ತಿರುಗಿ ನೋಡಲಿಲ್ಲ. ಟ್ರೈಲರಿನ ಮೇಲೆ ಹತ್ತಿಸಿ ನಿಲ್ಲಿಸಿದ್ದ ತನ್ನ ಹಳೆಯ ಕೆಸ್ಟ್ರೆಲ್ ಕಾರಿನ ಹಿಂಬದಿ ಗಾಜನ್ನು ಬನಿಯನ್ ಚೂರಿನಿಂದ ಉಜ್ಜುತ್ತಲೇ ಇದ್ದ. "ಹೆಣ್ಣು ಕಳಿಸಿಕೊಡೋರೂ ಮುಖ ತೊಳೆಸಿ ಕಳಿಸ್ತಾರೆ ಕಣೋ. ಹೋದ ಮನೇಲಿ ನಮ್ಮನ್ನ ಆಡ್ಕೋಬಾರ್ದಲ್ಲ."

ಮಧ್ಯಾಹ್ನದ ಹೊತ್ತಿಗೆ ಆ ಕಾರು ಡೀಲರನ ಪಾಲಾಗಲಿತ್ತು. ಹೊಸ ಕೆಸ್ಟ್ರೆಲ್ಲನ್ನು ಕಂಪನಿಯವರು ಹಳೆಯ ಕಾರ್ಖಾನೆಯ ಅಂಗಳದಲ್ಲಿ ಜನರಿಗೆ ತೋರಿಸುವ ದಿನ ಅದು. ನೋಡಿ ಮುಗಿದ ಮೇಲೆ ಓಡೆಲ್ ಸಹಿ ಹಾಕುವುದು, ಹಳೆಯದನ್ನು ಕೊಟ್ಟು ಹೊಸದನ್ನು ಕಾಯ್ದಿರಿಸುವುದು ಎಂದು ಮಾತಾಗಿತ್ತು. ಡೀಲರನ ಆಳು ಆತುರದವನು. ಬೆಳಿಗ್ಗೆಯೇ ಆ ಅಂಗಳದ ಅಂಚಿಗೆ ಟ್ರೈಲರ್ ತಂದು, "ಹತ್ತಿಸಿಬಿಡಿ ಸರ್, ಆಮೇಲೆ ಜನಜಂಗುಳಿ," ಎಂದಿದ್ದ. ಓಡೆಲ್ ತಾನೇ ಓಡಿಸಿ ಹತ್ತಿಸಿದ್ದ. ಗಾಲಿಗಳಿಗೆ ಪಟ್ಟಿ ಬಿಗಿದದ್ದೂ ಆಗಿತ್ತು.

ಕೆಸ್ಟ್ರೆಲ್ ಎಂದರೆ ಎರಡೇ ಬಾಗಿಲಿನ, ಉದ್ದ ಮೂತಿಯ, ಹಿಂದಿನ ಗಾಲಿಗಳು ತಳ್ಳಿ ಓಡಿಸುವ ಕಾರು. "ಮುಂದಿಂದ ಎಳೆಯೋದು ಕುದುರೆಗಾಡಿ, ಹಿಂದಿಂದ ತಳ್ಳೋದು ಕಾರು" ಎನ್ನುವುದು ಹಾರ್ಲನ್ ಕ್ರೀಕ್ ಊರಿನ ಕೆಸ್ಟ್ರೆಲ್ ಸಂಘದವರ ಬಾಯಲ್ಲಿ ಸವೆದು ನುಣುಪಾದ ಮಾತು. ಕಂಪನಿ ಅದನ್ನು ಮಾಡುವುದು ನಿಲ್ಲಿಸಿ ವರ್ಷಗಳೇ ಆಗಿದ್ದವು. ಮತ್ತೆ ಹೊಸ ರೂಪದಲ್ಲಿ ಬರುತ್ತದಂತೆ ಎಂಬ ಸುದ್ದಿ ಬಂದಂದಿನಿಂದ ಸಂಘದವರು ಭಾನುವಾರದ ಪ್ರಾರ್ಥನೆ ಮುಗಿಸಿ ಚರ್ಚಿನ ಹೊರಗೆ ನಿಂತರೆಂದರೆ, ಹೆಂಡಂದಿರು ಕಾಫಿ ಆರಿಹೋಯಿತೆಂದು ಕೂಗುವವರೆಗೆ ಅದೇ ಮಾತು. ದೀಪ ದುಂಡಗಿರುತ್ತದೋ ಸೀಳಿದ ಹಾಗಿರುತ್ತದೋ, ಹಿಂಭಾಗ ಇಳಿಜಾರೋ ಮೊಂಡೋ. ಇವೆಲ್ಲ ಮೇಲುಮೇಲಿನ ಮಾತು. ಎದೆಯಲ್ಲಿದ್ದ ಪ್ರಶ್ನೆ ಒಂದೇ: ಬಾನೆಟ್ಟಿನ ಕೆಳಗೆ ಎಂಟು ಸಿಲಿಂಡರಿನ ಇಂಜಿನ್ ಇರುತ್ತದೋ ಇಲ್ಲವೋ. ಇದ್ದರೆ ಅದು ಕೆಸ್ಟ್ರೆಲ್. ಇಲ್ಲವಾದರೆ ಆ ಹೆಸರು ಹೊತ್ತ ಬೇರೇನೋ.

ಆ ಪ್ರಶ್ನೆಗೆ ಉತ್ತರ ಕೊಟ್ಟವನು ವರ್ಲಿನ್. ಏಪ್ರಿಲ್ಲಿನಲ್ಲಿ, ಚರಂಡಿಯ ಹಿಮ ಇನ್ನೂ ಕರಗದಿದ್ದಾಗ, ಸಂಘದವರೆಲ್ಲ ಕಂಪನಿಯ ಪರೀಕ್ಷಾ ಮೈದಾನದ ಬೇಲಿಗೆ ಹೋಗಿ ನಿಂತಿದ್ದರು. ಎತ್ತರದ ಹಲಗೆ ಬೇಲಿ. ಒಳಗೆ ಓಡುತ್ತಿದ್ದ ಕಾರು ಕಾಣುವಂತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲರೂ ವರ್ಲಿನ್‌ನ ಮುಖ ನೋಡಿದರು. ಆಯುಷ್ಯವಿಡೀ ಕಾರುಗಳ ಹೊಗೆ ಕೊಳವೆ, ಸೈಲೆನ್ಸರ್ ಬೆಸೆಯುವ ಅಂಗಡಿ ನಡೆಸಿದವನು. ಕಾರು ತಿರುವಿನಲ್ಲಿರುವಾಗಲೇ ಅದರ ಕಾಯಿಲೆ ಹೇಳುತ್ತಾನೆಂದು ಹೆಸರಾದವನು. ಅವನು ಟೋಪಿ ತೆಗೆದು, ಕಣ್ಣು ಮುಚ್ಚಿ, ಗಾಳಿಗೆ ಕಿವಿಯೊಡ್ಡಿದ. ಬೇಲಿಯಾಚೆ ಕಾರು ಭರ್ರೆಂದು ಕೂಗುತ್ತ ಹಾದುಹೋಯಿತು. ಅವನ ಮೈಮೇಲಿನ ಕೂದಲು ನಿಮಿರಿತು.

"ಎಂಟು," ಎಂದ.

"ಖಂಡಿತಾನಾ?" ಎಂದು ಕೇಳಿದವನು ಓಡೆಲ್.

"ನಮ್ಮಮ್ಮನ ದನಿ ಗುರುತು ಹಿಡಿದ ಹಾಗೆ ಹೇಳ್ತೀನಿ ಕಣೋ. ಎಂಟೇ."

ಕಣ್ಣಾರೆ ಕಂಡದ್ದನ್ನೂ ಪರಾಂಬರಿಸಿ ನೋಡಬೇಕೆಂದು ಹಿರಿಯರು ಹೇಳುತ್ತಾರೆ. ಕಿವಿಯಾರೆ ಕೇಳಿದ್ದಕ್ಕೆ ಅಂಥ ಎಚ್ಚರಿಕೆಯನ್ನು ಆ ದಿನ ಯಾರೂ ಹೇಳಲಿಲ್ಲ. ಆ ವಾರವೇ ಓಡೆಲ್ ಡೀಲರನಿಗೆ ಮಾತು ಕೊಟ್ಟ. ಅವನ ಶೆಡ್ಡಿನಲ್ಲಿ ಒಂದೇ ಕಾರಿಗೆ ಜಾಗ. "ಹೊಸದು ಒಳಗೆ ಬರ್ಬೇಕಾದ್ರೆ ಒಬ್ರು ಹೊರಗೆ ಹೋಗ್ಬೇಕು. ನಾನಂತೂ ಹೋಗಲ್ಲ," ಎಂದು ಅವನ ಹೆಂಡತಿ ಬರ್ನೀಟಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಯಾರದೋ ಕೊಟ್ಟಿಗೆಯಲ್ಲಿ, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕಿತ್ತು ಆ ಹಳೆಯ ಕಾರು. ಒಂದೊಂದೇ ಬೋಲ್ಟು ಬಿಚ್ಚಿ, ತುಕ್ಕು ತೆಗೆದು, ತಾನೇ ಬಣ್ಣ ಹೊಡೆದು ಓಡೆಲ್ ಅದನ್ನು ಎಬ್ಬಿಸಿ ನಿಲ್ಲಿಸಿದ್ದ. ಸಾಯುವ ಮೊದಲು ಒಂದೇ ಒಂದು ಸಲ ಹೊಚ್ಚಹೊಸ ಕೆಸ್ಟ್ರೆಲ್ಲಿನಲ್ಲಿ ಕೂರಬೇಕೆಂಬ ಆಸೆ ಇಲ್ಲದಿದ್ದರೆ, ಮತ್ತು ವರ್ಲಿನ್‌ನ ಮಾತಿಲ್ಲದಿದ್ದರೆ, ಅದನ್ನು ಕೊಡುವ ಮನುಷ್ಯನಲ್ಲ.

"ಕರ್ಣ ಮಹಾರಾಜರು ಬಂದ್ರಾ!" ಎನ್ನುತ್ತ ಸಂಘದ ಅಧ್ಯಕ್ಷ ಡೇಲ್ ಟ್ರೈಲರಿನ ಬಳಿಗೆ ಓಡಿ ಬಂದ. "ಮುಂದಿನ ಸಾಲಲ್ಲಿ ನಿಮಗೆ ಜಾಗ ಹಿಡಿದಿದೀನಿ. ಮೊದಲ ಹತ್ತು ಗಾಡಿ ನಮ್ಮ ಸಂಘಕ್ಕೇ ಅಂತ ಕಂಪನಿಯವರು ಒಪ್ಪಿದಾರೆ. ಎಲ್ಲ ನಿನ್ನ ಕಿವಿ ಪುಣ್ಯ."

ಅವನ ಹಿಂದೆಯೇ ಕಂಪನಿಯ ಕೀಗನ್ ಬಂದ. ಬಿಳಿ ಬೂಟಿನ ಹುಡುಗುಮುಖದ ಅಧಿಕಾರಿ. ವರ್ಲಿನ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. "ವರ್ಲಿನ್ ಸರ್! ನಿಮ್ಮನ್ನ ನಾವು ಮರೆಯೋ ಹಾಗೇ ಇಲ್ಲ."

ಹಿಂದಿನ ಶರತ್ಕಾಲದಲ್ಲಿ ಇದೇ ಕೀಗನ್ ಮೈಕುಗಳನ್ನು ಹೊತ್ತು ವರ್ಲಿನ್‌ನ ಶೆಡ್ಡಿಗೆ ಬಂದಿದ್ದ. ಕಂಪನಿಯ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾರುಗಳ ಸದ್ದನ್ನು ಕಾಪಾಡಿ ಇಡುತ್ತೇವೆ ಎಂದಿದ್ದ. ವರ್ಲಿನ್ ತನ್ನದೇ ಹಳೆಯ ಎಂಟು ಸಿಲಿಂಡರಿನ ಕೆಸ್ಟ್ರೆಲ್ಲನ್ನು ಓಡಿಸಿ, ನಿಲ್ಲಿಸಿ, ಗುರುಗುಟ್ಟಿಸಿ ಎಲ್ಲ ರೀತಿಯಲ್ಲೂ ಕೇಳಿಸಿದ್ದ. ನಿಂತಲ್ಲಿ ಓಡುವಾಗ ಆ ಇಂಜಿನ್ ನಡುನಡುವೆ ಒಂದು ಸಣ್ಣ 'ಟಿಕ್' ಎನ್ನುತ್ತಿತ್ತು, ಮುದುಕರು ಗಂಟಲು ಸರಿಮಾಡಿಕೊಂಡಂತೆ. ಕೊಳವೆಯ ಬುಡದಲ್ಲಿ ಒಂದು ಬೋಲ್ಟು ಮುರಿದದ್ದರ ಗುರುತು. ಸರಿಮಾಡಲು ಅವನಿಗೆ ಅರ್ಧ ದಿನದ ಕೆಲಸ. ಆದರೆ ಹೆಂಡತಿ ಲವೋನ್ ಬದುಕಿದ್ದಾಗ, "ಅದನ್ನ ಮುಟ್ಟಬೇಡ. ಮನೆ ಮುಂದೆ ಬಂದು ನಿಂತಿರೋದು ನೀನೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಿದ್ದಳು. ಅವಳು ಹೋದ ಮೇಲೂ ಅವನು ಮುಟ್ಟಿರಲಿಲ್ಲ. ಅದನ್ನು ಕೀಗನ್‌ಗೆ ಹೇಳಿಯೂ ಇದ್ದ. ಹುಡುಗ ಕಣ್ಣು ಒದ್ದೆ ಮಾಡಿಕೊಂಡು ಕೇಳಿದ್ದ.

ಅವರು ಹೋಗಿ ಮುಂದಿನ ಸಾಲಿನಲ್ಲಿ ಕೂತ ಮೇಲೆ ಡೋಲು ಮೊಳಗಿತು. ವೇದಿಕೆಯ ಹಿಂದಿನ ಕಪ್ಪು ಪರದೆ ಸರಿಯಿತು. ಹೊಸ ಕೆಸ್ಟ್ರೆಲ್ ಹೊಗೆಯೊಳಗಿಂದ ಮೆಲ್ಲಗೆ ಉರುಳಿ ಬಂತು. ಕೆಂಪು ಬಣ್ಣ, ಅದೇ ಉದ್ದ ಮೂತಿ, ಎದೆಯುಬ್ಬಿಸಿದಂಥ ಹಿಂಭಾಗ. ಜನ ಎದ್ದು ನಿಂತರು. ಕಾರು ವೇದಿಕೆಯ ಇಳಿಜಾರು ಇಳಿದು, ಹಗ್ಗ ಕಟ್ಟಿದ್ದ ಜಾಗದಲ್ಲಿ ಬಂದು ನಿಂತು ಗುಡುಗುಟ್ಟತೊಡಗಿತು. ಓಡೆಲ್ ವರ್ಲಿನ್‌ನ ಹೆಗಲ ಮೇಲೆ ಕೈ ಹಾಕಿ, "ಕೇಳೋ, ಕೇಳೋ! ಎಂಥಾ ಗಂಟಲು!" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಆಗ ವರ್ಲಿನ್‌ಗೆ ಕೇಳಿಸಿತು. ಟಿಕ್.

ತನ್ನ ಭ್ರಮೆಯೆಂದುಕೊಂಡ. ತುಸು ತಡೆದು ಮತ್ತೆ ಟಿಕ್. ಇಂದು ಕಾರ್ಖಾನೆಯಿಂದ ಹೊರಬಂದ ಹೊಚ್ಚಹೊಸ ಕಾರಿನ ಹೊಟ್ಟೆಯಲ್ಲಿ ತನ್ನ ಮುರಿದ ಬೋಲ್ಟು. ಬೇಲಿಯ ಬಳಿ ಮೈ ಜುಮ್ಮೆಂದದ್ದು ಈಗ ಅರ್ಥವಾಯಿತು. ಅಂದು ಕಾರು ಭರದಲ್ಲಿತ್ತು. ಭರದಲ್ಲಿ ಆ ಟಿಕ್ ಕೇಳುವುದಿಲ್ಲ. ಉಳಿದ ಸದ್ದೆಲ್ಲ ಅವನ ಗಾಡಿಯದೇ.

ಅವನು ಹಗ್ಗ ಎತ್ತಿ ಒಳಗೆ ನುಸುಳಿದ.

"ಸರ್, ಮುಟ್ಟೋ ಹಾಗಿಲ್ಲ," ಎಂದು ಕೀಗನ್ ಅಡ್ಡ ಬಂದ.

"ಮುಟ್ಟಲ್ಲ. ಬಾನೆಟ್ ಎತ್ತಿ."

"ಇವತ್ತು ಹೊರಗಿನ ನೋಟ ಮಾತ್ರ ಸರ್. ಒಳಗಿನದು ಮುಂದೆ..."

"ನಮ್ಮ ಸಂಘದಲ್ಲಿ ಸಿಲಿಂಡರ್ ಬಾಯಲ್ಲಿ ಎಣಿಸಲ್ಲ ಮರಿ. ಬಾನೆಟ್ ಎತ್ತಿ ಎಣಿಸ್ತೀವಿ. ಎತ್ತಿ."

ಡೇಲ್ ಹಗ್ಗದಾಚೆಯಿಂದಲೇ ಹಲ್ಲು ಕಚ್ಚಿ, "ವರ್ಲಿನ್, ಮಾನ ಕಳೀಬೇಡ ಮಾರಾಯ. ಹತ್ತು ಗಾಡಿ ಮಾತು ಮರೆತ್ಯಾ?" ಎಂದ. ಹಿಂದಿನ ಸಾಲಿನಿಂದ ಯಾರೋ, "ಮುದುಕಪ್ಪ, ಕೂತ್ಕೊಳ್ಳಿ, ಫೋಟೋಕ್ಕೆ ಅಡ್ಡ!" ಎಂದು ಕೂಗಿದರು. ಒಂದಷ್ಟು ಜನ ನಕ್ಕರು.

ವರ್ಲಿನ್ ಕಾರಿನ ಹಿಂದೆ ಹೋಗಿ, ನೋಯುವ ಮಂಡಿಯನ್ನು ಒಂದೊಂದಾಗಿ ಮಡಿಸಿ ನೆಲಕ್ಕೆ ಊರಿದ. ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಅವನು ಹಾಗೆ ಮಂಡಿಯೂರಿದ್ದನ್ನು ಆ ಊರು ಕಂಡಿರಲಿಲ್ಲ. ಹೊಗೆ ಕೊಳವೆಯ ಬಾಯಿಗೆ ಅಂಗೈ ಒಡ್ಡಿದ. ಎಂಟು ಸಿಲಿಂಡರಿನ ಉಸಿರು ಅಂಗೈಗೆ ಗುದ್ದುತ್ತದೆ, ಸದ್ದಿನ ಒಂದೊಂದು ಬಡಿತಕ್ಕೂ ಒಂದೊಂದು ಗುದ್ದು. ಇಲ್ಲಿ ಸದ್ದು ಗುದ್ದುತ್ತಿತ್ತು. ಉಸಿರು ತೆಳ್ಳಗೆ, ಒಂದೇ ಸಮನೆ, ಹೊಲಿಗೆ ಯಂತ್ರದ ಹಾಗೆ ಸುಯ್ಯೆನ್ನುತ್ತಿತ್ತು. ಬಂಪರಿನ ಅಡಿಗೆ ಕೈ ಒಯ್ದ. ಸದ್ದು ಅಲ್ಲಿತ್ತು. ಸ್ಪೀಕರಿನ ಒಂದು ದುಂಡನೆಯ ಪೆಟ್ಟಿಗೆ ಅವನ ಬೆರಳ ತುದಿಯಲ್ಲಿ ನಡುಗುತ್ತಿತ್ತು.

"ಓಡೆಲ್," ಎಂದ ಏಳದೆಯೇ. "ಬಾ ಇಲ್ಲಿ. ಕೈ ಇಡು."

ಓಡೆಲ್ ಬಂದ. ಬಗ್ಗಿ ಅಂಗೈ ಒಡ್ಡಿದ. ತುಂಬ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಷ್ಟು?" ಎಂದು ಕೀಗನ್‌ನನ್ನು ಕೇಳಿದ.

"ಸರ್, ಶಕ್ತಿ ಹಳೇದಕ್ಕಿಂತ ಜಾಸ್ತೀನೇ ಇದೆ..."

"ಎಷ್ಟು ಸಿಲಿಂಡರು ಅಂದೆ."

"ನಾಲ್ಕು. ಆದ್ರೆ ಅನುಭವ ಪೂರ್ತಿ ಎಂಟರದ್ದೇ. ಅದಕ್ಕೇ ನಾವು ಇಷ್ಟು ಶ್ರಮಪಟ್ಟು ಸದ್ದನ್ನ..."

"ಯಾರ ಸದ್ದು ಅದು?" ವರ್ಲಿನ್ ಎದ್ದು ನಿಂತಿದ್ದ. ದನಿ ಏರಿರಲಿಲ್ಲ, ಆದರೆ ಮುಂದಿನ ಸಾಲುಗಳ ನಗು ಅಡಗಿತು. "ಹೇಳು, ಯಾರದು?"

ಕೀಗನ್ ಸುತ್ತ ಇದ್ದ ಕ್ಯಾಮೆರಾಗಳ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ನೀವು ಒಪ್ಪಿ ಕೊಟ್ಟದ್ದು ಸರ್," ಎಂದ.

"ಮ್ಯೂಸಿಯಮ್ಮಿಗೆ ಅಂತ ಕೊಟ್ಟೆ. ನನ್ನ ಶೆಡ್ಡಿಗೆ ಬಂದೆ. ನನ್ನ ಹೆಂಡ್ತಿ ಮಾತು ಹೇಳಿದಾಗ ಕಣ್ಣು ಒರೆಸಿಕೊಂಡೆ. ಅವಳ ಗುರುತನ್ನ ತಂದು ಈ ಪೆಟ್ಟಿಗೇಲಿ ತುಂಬಿಸಿ, ಅದನ್ನ ತೋರಿಸಿ ಜನಕ್ಕೆ ಸುಳ್ಳು ಮಾರ್ತಿದೀಯಲ್ಲ!"

"ಒಂದು ಲೆಕ್ಕದಲ್ಲಿ ಈ ಗಾಡೀನೂ ಮ್ಯೂಸಿಯಮ್ಮೇ ಅಲ್ವಾ ಸರ್?" ಎಂದು ಕೀಗನ್ ಮುಗುಳ್ನಕ್ಕ.

ವರ್ಲಿನ್‌ಗೆ ತೆಗೆದು ಹೊಡೆಯುವಷ್ಟು ಸಿಟ್ಟು ಬಂದದ್ದು ನಿಜ. ಆದರೆ ಆ ಸಿಟ್ಟಿನ ಬುಡದಲ್ಲೇ ಇನ್ನೊಂದು ಮಾತು ತಣ್ಣಗೆ ಕೂತಿತ್ತು. ಸುಳ್ಳು ಸಾಕ್ಷಿ ಹೇಳಬಾರದು ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವನು ಅವನು. ಕಂಪನಿಯವರು ಎಂಟು ಎಂದು ಎಲ್ಲೂ ಹೇಳಿರಲಿಲ್ಲ. ಹೇಳಿದವನು ತಾನು. ಅವರ ಸುಳ್ಳಿಗೆ ಸಂಬಳವಿಲ್ಲದ ಸಾಕ್ಷಿ. ಅವನು ಕೀಗನ್‌ಗೆ ಬೆನ್ನು ಮಾಡಿ ಜನರತ್ತ ತಿರುಗಿ, ಟೋಪಿ ತೆಗೆದ.

"ಬೇಲಿ ಹತ್ರ ನಾನು ಎಂಟು ಅಂದೆ. ಅದು ತಪ್ಪು. ನಾಲ್ಕೇ ಇರೋದು. ನನ್ನ ಮಾತು ನಂಬಿ ಯಾರ್ಯಾರು ಮನಸ್ಸು ಮಾಡಿದೀರೋ ಅವರೆಲ್ಲ ಇನ್ನೊಂದ್ಸಲ ಯೋಚ್ನೆ ಮಾಡಿ. ನಾನು ಕೇಳಿದ್ದು ನನ್ನ ಗಾಡೀನೇ."

ಗುಸುಗುಸು ಎದ್ದಿತು. ಡೇಲ್ ತಲೆಯ ಮೇಲೆ ಕೈ ಹೊತ್ತ. "ಕಿವಿಯಂತೆ ಕಿವಿ!" ಎಂದು ಯಾರೋ ಹಂಗಿಸಿದರು. ಕೆಂಪು ಕಾರು ಮಾತ್ರ ತನ್ನ ಪಾಡಿಗೆ ಗುಡುಗುಟ್ಟುತ್ತಲೇ ಇತ್ತು.

ಓಡೆಲ್ ಅವನ ಮುಖಕ್ಕೆ ಮುಖ ಕೊಟ್ಟು ನಿಂತ. "ನಿನ್ನ ಗಾಡಿ ಸದ್ದು ನಿಂಗೇ ಗೊತ್ತಾಗ್ಲಿಲ್ವೇನೋ?"

"ಮೈಗೆ ಗೊತ್ತಾಯ್ತು ಕಣೋ, ತಲೆಗಲ್ಲ," ಎಂದ ವರ್ಲಿನ್. "ಅದಕ್ಕೇ ಅಷ್ಟು ಇಷ್ಟ ಆಯ್ತು."

"ಇಷ್ಟ ಆಯ್ತಂತೆ! ಪರಾಂಬರಿಸದೆ ಬಾಯಿಗೆ ಬಂದದ್ದು ಹೇಳಿದೆ. ನಾನೊಬ್ಬ ಕುರಿ, ತಲೆ ಬಗ್ಗಿಸಿಕೊಂಡು ಬಂದೆ. ನನ್ನ ಕೈಯಾರೆ ಹತ್ತಿಸಿದೆನಲ್ಲೋ ಅದನ್ನ, ನನ್ನ ಕೈಯಾರೆ!"

ಓಡೆಲ್ ವರ್ಲಿನ್‌ನ ಭುಜಕ್ಕೆ ಭುಜ ತಾಗಿಸಿಕೊಂಡೇ ಹಾದು, ಜನರನ್ನು ಸೀಳಿಕೊಂಡು ಟ್ರೈಲರಿನತ್ತ ನಡೆದ. ತುಸು ಹೊತ್ತಿನ ಮೇಲೆ ವರ್ಲಿನ್ ಅವನ ಹಿಂದೆ ಹೋದ.

ಡೀಲರನ ಆಳು ಬಾಯಲ್ಲಿದ್ದ ಹಾಟ್ ಡಾಗ್ ನುಂಗಲೂ ಆಗದೆ ಉಗಿಯಲೂ ಆಗದೆ ಒದ್ದಾಡುತ್ತಿದ್ದ. "ಸರ್, ಸರ್, ಮಾತು ಕೊಟ್ಟಿದೀರಿ! ಯಜಮಾನರಿಗೆ ನಾನೇನ್ ಹೇಳ್ಲಿ?"

"ಸಹಿ ಹಾಕಿಲ್ಲ ಅಂತ ಹೇಳು. ಎಂಟು ತಂದ್ರೆ ಹಾಕ್ತಾನೆ ಅಂತ ಹೇಳು," ಎನ್ನುತ್ತ ಓಡೆಲ್ ಮುಂದಿನ ಗಾಲಿಯ ಪಟ್ಟಿ ಸಡಿಲಿಸುತ್ತಿದ್ದ. ಆತುರಕ್ಕೆ ಕೊಂಡಿ ಜಾರುತ್ತಿತ್ತು. ವರ್ಲಿನ್ ಆಚೆ ಬದಿಗೆ ಹೋಗಿ ಇನ್ನೊಂದು ಗಾಲಿಯ ಪಟ್ಟಿಗೆ ಕೈ ಹಾಕಿದ. ಓಡೆಲ್ ಹಿಂದಿನ ಗಾಲಿಗೆ ಸರಿದ. ನಾಲ್ಕೂ ಪಟ್ಟಿ ಬಿಚ್ಚಿದವು.

ಓಡೆಲ್ ಹತ್ತಿ ಕೂತು ಇಂಜಿನ್ ಎಬ್ಬಿಸಿದ. ಇನ್ನು ಹಿಂದಕ್ಕೆ ಇಳಿಸಬೇಕು. ಎರಡು ಕಿರಿದಾದ ಹಲಗೆ. ಗಾಲಿ ಅಂಗೈಯಗಲ ತಪ್ಪಿದರೂ ಕಾರಿನ ಹೊಟ್ಟೆ ಕಬ್ಬಿಣಕ್ಕೆ ಕೂರುತ್ತದೆ. ಒಳಗೆ ಕೂತವನಿಗೆ ಹಲಗೆ ಕಾಣುವುದಿಲ್ಲ. ಕೆಳಗೆ ನಿಂತು ಕೈಸನ್ನೆಯಲ್ಲಿ ದಾರಿ ತೋರಿಸುವವನೊಬ್ಬ ಬೇಕು. ಆಳು ತಾನು ಇದರಲ್ಲಿಲ್ಲವೆಂಬಂತೆ ದೂರ ಸರಿದಿದ್ದ.

ವರ್ಲಿನ್ ಹಲಗೆಗಳ ತುದಿಯಲ್ಲಿ, ಬಿಸಿಲಿನಲ್ಲಿ ಹೋಗಿ ನಿಂತು ಎರಡೂ ಕೈ ಎತ್ತಿದ. ಕಾರು ಅಲುಗಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಪಕ್ಕದ ಕನ್ನಡಿಯಲ್ಲಿ ಓಡೆಲ್‌ನ ಎರಡು ಕಣ್ಣು ಅವನ ಮುಖವನ್ನು ನೋಡಿದವು, ಅತ್ತ ಹೊರಳಿದವು, ಮತ್ತೆ ಬಂದು ಅವನ ಕೈಗಳ ಮೇಲೆ ನಿಂತವು.

ವರ್ಲಿನ್ ಎಡಗೈಯನ್ನು ಇಷ್ಟೇ ಇಷ್ಟು ತನ್ನತ್ತ ಬಾಗಿಸಿದ. ಹಿಂದಿನ ಗಾಲಿಗಳು ಮೆಲ್ಲಗೆ ಹಲಗೆಯ ಮೇಲೆ ಇಳಿದವು.