ತಮ್ಮನಿಗೆ ಹುಡುಕಿಕೊಟ್ಟ ಪದ

ನನ್ನ ತಮ್ಮ ಅರುಣಕುಮಾರನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಅವನು ಆರನೇ ಕ್ಲಾಸಿಗೆ ಅಫಜಲಪುರದ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾನೆ. ನಾನು ನಮ್ಮ ಅತನೂರಿನ ಸರ್ಕಾರಿ ಶಾಲೆಗೆ ನಡೆದುಕೊಂಡೇ ಹೋಗಿ, ಈ ವರ್ಷ ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದೆ. ಕಾಲೇಜಿಗೆ ಹೆಸರು ಹಚ್ಚು ಎಂದು ಕೇಳಿದಾಗಲೆಲ್ಲ ಅಪ್ಪ "ನೋಡೂನು ತಡಿ" ಎನ್ನುತ್ತಾನೆ. ಅರುಣ್ಯಾನ ಬೂಟು ಹರಿದರೆ ಮಾತ್ರ ಅವತ್ತೇ ಪೇಟೆಗೆ ಓಡುತ್ತಾನೆ. ಹಾಲಿನ ಕೆನೆ ಅವನಿಗೆ, ಕಿಟಕಿ ಪಕ್ಕದ ಮೇಜು ಅವನಿಗೆ. ನನಗೆ ಅವನ ಹೋಂವರ್ಕು.

ಅವನ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಮಕ್ಕಳು ದಿನಬಳಕೆಯ ಒಂದು ಇಂಗ್ಲಿಷ್ ಪದ ಹಿಡಿದು, ಅದು ಎಲ್ಲಿಂದ ಬಂತು, ಮೊದಲು ಅದರ ಅರ್ಥ ಏನಿತ್ತು ಎಂದು ವೇದಿಕೆಯ ಮೇಲೆ ಹೇಳಬೇಕಿತ್ತು. ಅರುಣ್ಯಾ ಎಂದಿನಂತೆ ನನ್ನ ಹತ್ತಿರ ಬಂದ.

"ಅಕ್ಕಾ, ಯಾವದರೆ ಒಂದು ಹುಡುಕಿ ಕೊಡು. ಸಣ್ಣದಿರ್ಲಿ, ನಂಗ ಬಾಯಿಪಾಠ ಆಗಂಗಿಲ್ಲ."

"ಕೊಡು ಬೇ, ಇನ್ನಾ ಕೂಸದು" ಎಂದಳು ಅವ್ವ ಒಳಗಿನಿಂದ.

ಕೂಸಂತೆ! ಆ ವಯಸ್ಸಿಗೆ ನಾನು ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದೆ.

ಅವ್ವನ ಮೊಬೈಲಿನಲ್ಲಿ ಹುಡುಕುತ್ತ ಕುಳಿತೆ. "ಗರ್ಲ್" ಎಂಬ ಪದ ಸಿಕ್ಕಿತು. ಆರೇಳು ನೂರು ವರ್ಷದ ಹಿಂದೆ ಇಂಗ್ಲಿಷಿನವರು ಗಂಡಿರಲಿ, ಹೆಣ್ಣಿರಲಿ, ಯಾವ ಮಗುವನ್ನಾದರೂ ಗರ್ಲ್ ಎಂದೇ ಕರೆಯುತ್ತಿದ್ದರಂತೆ. ಅದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದದ್ದು ಆಮೇಲೆ. ಅದಕ್ಕೂ ಹಿಂದೆ ಆ ಪದ ಎಲ್ಲಿಂದ ಬಂತೆಂದು ಪಂಡಿತರಿಗೇ ಖಚಿತವಿಲ್ಲ. ಓದಿ ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಮನೆಯ ಈ ರಾಜಕುಮಾರ ಅಷ್ಟು ಜನರ ಎದುರು ನಿಂತು "ಆ ಕಾಲದಲ್ಲಿ ಹುಟ್ಟಿದ್ದರೆ ನಾನೂ ಗರ್ಲ್" ಎನ್ನಬೇಕು. ಗೆಳೆಯರು ವರ್ಷವಿಡೀ ಅವನನ್ನು ಹುಡುಗಿ ಎಂದು ಕಾಡಬೇಕು. ಆ ವಾಕ್ಯವನ್ನೇ ಮೊದಲಿಗೆ ಇಟ್ಟು ಭಾಷಣ ಬರೆದೆ. ಎಲ್ಲಿಯೂ ತೊದಲದ ಹಾಗೆ ಬಾಯಿಪಾಠ ಮಾಡಿಸಿದೆ.

ಸಭೆಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತ. ನನ್ನ ಶಾಲೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಆತನಿಗೆ ಗೊತ್ತಿಲ್ಲ. ನಾನು ಮತ್ತು ಅವ್ವ ಹಿಂದೆ ಗೋಡೆಗೆ ಆನಿಕೊಂಡು ನಿಂತೆವು. ಅರುಣ್ಯಾನ ಮೊದಲ ವಾಕ್ಯಕ್ಕೇ ಹುಡುಗರು ಕೇಕೆ ಹಾಕಿದರು. ನಾನು ಕಾದದ್ದೂ ಅದಕ್ಕೇ. ಆದರೆ ಅವನು ನಾಚಲಿಲ್ಲ. ಅವರ ಜೊತೆ ತಾನೂ ನಕ್ಕು, ಉಳಿದದ್ದನ್ನು ಗಟ್ಟಿಯಾಗಿ ಹೇಳಿ ಮುಗಿಸಿದ. ಚಪ್ಪಾಳೆಯೋ ಚಪ್ಪಾಳೆ. ಮೇಡಂ ಅವನ ಬೆನ್ನು ತಟ್ಟಿ, ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ನಮ್ಮಕ್ಕರಿ" ಎಂದ.

ಯಾರೂ ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ, ಅಪ್ಪ ಕೂಡ. ನಾನು ಬರೆದ ಮಾತಿಗೆ ಬಿದ್ದ ಚಪ್ಪಾಳೆಯನ್ನೆಲ್ಲ ಅರುಣ್ಯಾ ಒಬ್ಬನೇ ತೆಗೆದುಕೊಂಡು ಕೆಳಗಿಳಿದು ಬಂದ.

ಮನೆಗೆ ಬಂದ ಮೇಲೆ ಅಪ್ಪ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಊಟಕ್ಕೆ ಕುಳಿತ. ನಾನು ಬಡಿಸುತ್ತಿದ್ದೆ. ಅವತ್ತು ಅಪ್ಪ ನನ್ನ ಮುಖ ನೋಡಿ ಮಾತಾಡಿದ.

"ಭಾಳ ಶಾಣ್ಯಾಕಿ ಅದಿ ಬೇ ಶಾಂಭವಿ. ನೀ ಕಾಲೇಜಿಗಿ ಹೋದ್ರ ಇವನಿಗಿ ಯಾರ್ ಹೇಳಿಕೊಡ್ತಾರ? ಮನ್ಯಾಗೇ ಇದ್ದು ತಮ್ಮಗ ಕಲಸು."

ಅವನನ್ನು ನಗೆಪಾಟಲು ಮಾಡಲು ಹೋಗಿ ನನ್ನ ಕಾಲೇಜಿಗೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಸಿಟ್ಟು ನೆತ್ತಿಗೇರಿತು. ರೊಟ್ಟಿಯ ಬುಟ್ಟಿಯನ್ನು ಕೆಳಗೆ ಕುಕ್ಕಿದೆ.

"ಕಲಸ್ತೇನಿ ಅಪ್ಪಾ. ಆದ್ರ ನಾ ಎಷ್ಟು ಕಲ್ತೇನಿ ಅಷ್ಟೇ ಕಲಸ್ತೇನಿ. ಹತ್ತನೇದು ಮುಗದ ಮ್ಯಾಲ ಅವನೂ ಬಂದು ನನ್ನ ಬಾಜೂ ಮನ್ಯಾಗ ಕೂಡ್ಲಿ."

"ಏ, ಬಾಯಿ ಮುಚ್ಚು" ಎಂದಳು ಅವ್ವ.

ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಅರುಣ್ಯಾನತ್ತ ನೋಡಿದ. ಆಮೇಲೆ ನನ್ನನ್ನು ಕೇಳಿದ:

"ಕಾಲೇಜಿಗಿ ಹೆಸರ ಹಚ್ಚೋದು ಯಾವತ್ತು ಮುಗೀತದ?"

ಕೇಳಿದ್ದು ಮಗನ ಮುಂದಿನ ಓದಿನ ಸಲುವಾಗಿ. ನನ್ನ ಸಲುವಾಗಿ ಅಲ್ಲ. ಅದು ತಿಳಿದು ಹೊಟ್ಟೆ ಇನ್ನಷ್ಟು ಉರಿಯಿತು.

"ಸೋಮವಾರ" ಎಂದೆ.